ಹೊಳೆ ಇಳಿದ ಮೇಲಿನ ಲೆಕ್ಕ

2019ರ ಆಗಸ್ಟ್‌ನಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಕೊಲ್ಹಾಪುರದ ಹತ್ತಿರ ನೀರಿನಡಿ ಹೋಗಿ ಸುಮಾರು ಒಂದು ವಾರ ಬಂದ್ ಆಗಿತ್ತು. ಪುಣೆಯ ಕನ್ನಡಿಗರಿಗೆ ಅದು ಊರಿಗೆ ಹೋಗುವ ದಾರಿ. ಮನೆಯ ಫೋನಿಗೆ ಅಥಣಿ ಕಡೆಯಿಂದ ಕೃಷ್ಣೆ ಎಲ್ಲಿಯವರೆಗೆ ಬಂದಳೆಂಬ ಸುದ್ದಿ ಬರುತ್ತಿತ್ತು. ಆಫೀಸಿನ ಫೋನಿಗೆ ಪುಣೆ ಪಕ್ಕದ ಚಾಕಣ್, ಭೋಸರಿಯ ಕಂಪನಿಗಳಿಂದ ನೆರೆ ಪರಿಹಾರದ ಬಗ್ಗೆ ಬೇರೆಯೇ ಪ್ರಶ್ನೆ: "ಮೇಡಂ, ಚೆಕ್ ಯಾರ ಹೆಸರಿಗೆ? ಸಿಎಸ್‌ಆರ್‌ನಲ್ಲಿ ಕೂಡುತ್ತದೆಯೇ?"

ನಾನು ಚಾರ್ಟರ್ಡ್ ಅಕೌಂಟೆಂಟ್. ಸಿಎಸ್‌ಆರ್ ಎಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಕಾನೂನಿನಂತೆ ಅವು ಸಮಾಜಕ್ಕೆ ಮಾಡಬೇಕಾದ ಖರ್ಚು. ಮಧ್ಯಮ ಗಾತ್ರದ ಕಾರ್ಖಾನೆಗಳ ಸಿಎಸ್‌ಆರ್ ಲೆಕ್ಕ ನೋಡುವುದು ನನ್ನ ಕೆಲಸದ ಒಂದು ಭಾಗ. ಆ ವಾರ ನಾನು ಕೊಟ್ಟ ಉತ್ತರಗಳೆಲ್ಲ ಕಾನೂನಿನ ಪ್ರಕಾರ ಸರಿಯಾಗಿದ್ದವು. ನೀರು ಇಳಿದ ಮೇಲೆ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿಗೆ ಹೋದಾಗ ಒಂದು ಶಾಲೆಯ ವರಾಂಡದಲ್ಲಿ ಆ ಉತ್ತರಗಳ ಫಲ ಗುಡ್ಡೆ ಬಿದ್ದಿತ್ತು: ಚಾದರ, ಬಿಸ್ಕತ್ತು, ನೀರಿನ ಬಾಟಲಿ, ಯಾರೋ ಉಟ್ಟು ಬಿಟ್ಟ ಸೀರೆಗಳು. ಗಡಿಯ ಊರು, ಕನ್ನಡ ಬಲ್ಲ ರೈತರೊಬ್ಬರು ಸಿಕ್ಕರು. "ಅಕ್ಕಾರ, ಹಾಸಿಗಿ ಸಾಕಷ್ಟ ಬಂದಾವ್ರಿ. ಮೋಟರ್ ನೀರ ಕುಡದೈತಿ, ಅದನ್ನ ಯಾರೂ ಕೇಳವಲ್ರು" ಅಂದರು.

ಹೊಳೆ ದಂಡೆಯ ಪಂಪಿನ ಮೋಟರನ್ನು ಬಿಚ್ಚಿ ಮೇಲೆ ತರಲು ಕೆಲವರಿಗೆ ಸಮಯ ಸಿಕ್ಕಿತ್ತು, ಹಲವರಿಗೆ ಸಿಕ್ಕಿರಲಿಲ್ಲ. ನಿಂತ ಕಬ್ಬು ಕೊಳೆತಿತ್ತು. ಮುಂದಿನ ಬೆಳೆಗೆ ನೀರೆತ್ತಬೇಕೆಂದರೆ ಮೋಟರಿಗೆ ಹೊಸದಾಗಿ ವೈಂಡಿಂಗ್ ಮಾಡಿಸಬೇಕು. ಕೈಯಲ್ಲಿ ಕಾಸಿಲ್ಲದ ತಿಂಗಳಲ್ಲಿ ಆ ಖರ್ಚಿಗೆ ಕೈಗಡ ತರಬೇಕು. ಬಡತನ ಒಂದು ಮನೆಯೊಳಗೆ ಕಾಲಿಡುವುದು ಹೀಗೆಯೇ. ಹೊಳೆ ತಂದ ಹಾನಿಗಿಂತ, ಆಮೇಲೆ ತಂದ ಸಾಲ ಹೆಚ್ಚು ದಿನ ಇರುತ್ತದೆ.

ಕಾನೂನನ್ನು ಒಂದಿಷ್ಟು ನೋಡೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ: ಇವುಗಳಲ್ಲಿ ಒಂದು ಗೆರೆ ಮುಟ್ಟಿದರೂ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಯಾವ ಕೆಲಸಕ್ಕೆ ಎಂಬ ಪಟ್ಟಿ ಅದೇ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ. ಹಸಿವು, ಬಡತನ, ಅಪೌಷ್ಟಿಕತೆಯ ನಿವಾರಣೆ ಅದರ ಮೊದಲ ಸಾಲು. ವಿಪತ್ತು ನಿರ್ವಹಣೆಯನ್ನು ಸೇರಿಸಿದ್ದು 2019ರ ಮೇ 30ರಂದು, ನಮ್ಮ ಆ ನೆರೆಗೆ ಎರಡು ತಿಂಗಳ ಹಿಂದಷ್ಟೇ. ಆ ಸಾಲಿನಲ್ಲಿ ಪರಿಹಾರದ ಜೊತೆಗೆ ಪುನರ್ವಸತಿ, ಪುನರ್ನಿರ್ಮಾಣ ಎಂಬ ಎರಡು ಪದಗಳೂ ಇವೆ. ನನ್ನ ಗ್ರಾಹಕರು ಮೊದಲ ಪದ ಓದಿ ನಿಲ್ಲಿಸಿದ್ದರು. ನಿಜ ಹೇಳಬೇಕೆಂದರೆ ನಾನೂ ಅಷ್ಟೇ ಓದಿದ್ದೆ.

ಯಾರ ಹೆಸರಿಗೆ ಚೆಕ್ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ ಅನುಸೂಚಿಯಲ್ಲಿದೆ, ಮುಖ್ಯಮಂತ್ರಿ ಪರಿಹಾರ ನಿಧಿ ಇಲ್ಲ. 2020ರ ಏಪ್ರಿಲ್ 10ರ ಸುತ್ತೋಲೆಯಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯ ಇದನ್ನು ಕೋವಿಡ್ ಸಂದರ್ಭದಲ್ಲಿ ಬಿಡಿಸಿ ಹೇಳಿತು: ಮುಖ್ಯಮಂತ್ರಿ ನಿಧಿಗೆ ಕೊಟ್ಟದ್ದು ಸಿಎಸ್‌ಆರ್ ಆಗದು, ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟರೆ ಆಗುತ್ತದೆ. ರಟ್ಟಿನ ದೊಡ್ಡ ಚೆಕ್ಕಿನ ಜೊತೆ ಮುಖ್ಯಮಂತ್ರಿಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡ ಮೇಲೆ ನನ್ನನ್ನು ಕೇಳಿದವರಿದ್ದಾರೆ. ದಾನ ಮಾಡಿದ್ದು ತಪ್ಪಲ್ಲ, ಶೇ 2ರ ಲೆಕ್ಕಕ್ಕೆ ಮಾತ್ರ ಬರುವುದಿಲ್ಲ. ನೌಕರರ ಒಂದು ದಿನದ ಸಂಬಳ ಕೂಡಿಸಿ ಕೊಟ್ಟದ್ದೂ ಹಾಗೆಯೇ. ಅದು ಅವರ ದುಡ್ಡು, ಕಂಪನಿಯದಲ್ಲ. ಅಷ್ಟೇ ಮೊತ್ತವನ್ನು ಕಂಪನಿ ತನ್ನ ಕಡೆಯಿಂದ ಸೇರಿಸಿದರೆ ಆ ಪಾಲಿಗೆ ಲೆಕ್ಕ ಸಿಗುತ್ತದೆ.

ಪಿಂಪ್ರಿ–ಚಿಂಚವಾಡದ ಕನ್ನಡ ಸಂಘವೊಂದರ ಹಿರಿಯರು ಒಮ್ಮೆ ಬಂದು ಕೇಳಿದರು, "ನಮ್ಮವರದೇ ಕಂಪನಿ, ನಮ್ಮ ಸಂಘದ ಮೂಲಕವೇ ಕಿಟ್ ಹಂಚೋಣ ಅಂತೇವಿ. ಏನು ತೊಡಕು?" ಸಂಘ ಹಳೆಯದು, ಹೆಸರು ಒಳ್ಳೆಯದು. ಆದರೆ ದತ್ತಿ ಸಂಸ್ಥೆಗಳಿಗೆ ಆದಾಯ ತೆರಿಗೆ ಇಲಾಖೆ ಕೊಡುವ 12ಎ, 80ಜಿ ನೋಂದಣಿ ಇರಲಿಲ್ಲ. ಅದಿಲ್ಲದೆ ಸಿಎಸ್‌ಆರ್–1 ನಮೂನೆ ತುಂಬಿ ನೋಂದಣಿ ಸಂಖ್ಯೆ ಪಡೆಯುವಂತಿಲ್ಲ, 2021ರ ಏಪ್ರಿಲ್‌ನಿಂದ ಆ ಸಂಖ್ಯೆ ಇಲ್ಲದ ಸಂಸ್ಥೆಯ ಕೈಯಿಂದ ಕಂಪನಿ ಕೆಲಸ ಮಾಡಿಸುವಂತಿಲ್ಲ. ಕೊನೆಗೆ ಕಂಪನಿಯೇ ನೇರವಾಗಿ ಖರೀದಿಸಿತು, ಸಂಘದವರು ಹಂಚಲು ಕೈಜೋಡಿಸಿದರು. ನೆರೆ ಬಂದ ದಿನ ಕಾಗದ ಹುಡುಕಿದರೆ ಸಿಗುವುದಿಲ್ಲ. ಸಂಘಗಳು ಈ ನೋಂದಣಿಯನ್ನು ಬೇಸಿಗೆಯಲ್ಲೇ ಮುಗಿಸಿಟ್ಟುಕೊಳ್ಳಬೇಕು.

ಇನ್ನು ಮಾರ್ಚ್ ತಿಂಗಳು. ಮಾರ್ಚ್ 31ರೊಳಗೆ ದುಡ್ಡು ಮುಗಿಸಬೇಕೆಂಬ ಗಡಿಬಿಡಿಯಲ್ಲಿ ಎಷ್ಟು ಹೊಲಿಗೆ ಯಂತ್ರ, ಎಷ್ಟು ಸ್ಕೂಲ್ ಬ್ಯಾಗು ಈ ಜಿಲ್ಲೆಯಲ್ಲಿ ಹಂಚಿಹೋಗಿವೆಯೋ ದೇವರಿಗೇ ಗೊತ್ತು. 2021ರ ಜನವರಿ 22ರಿಂದ ಆ ಅವಸರಕ್ಕೆ ಕಾರಣವೇ ಉಳಿದಿಲ್ಲ. ಕೆಲಸವನ್ನು ನಡೆಯುತ್ತಿರುವ ಯೋಜನೆ ಎಂದು ಕಂಪನಿಯ ನಿರ್ದೇಶಕ ಮಂಡಳಿ ಮಂಜೂರು ಮಾಡಿದ್ದರೆ, ಆ ವರ್ಷ ಉಳಿದ ಹಣವನ್ನು 30 ದಿನದೊಳಗೆ ಬ್ಯಾಂಕಿನ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ಹಣಕಾಸು ವರ್ಷಗಳಲ್ಲಿ ಖರ್ಚು ಮಾಡಬಹುದು. ಹಾಗೆ ಮಂಜೂರಾಗದ ಹಣ ಉಳಿದರೆ ಮಾತ್ರ ಆರು ತಿಂಗಳೊಳಗೆ ಅನುಸೂಚಿಯಲ್ಲಿರುವ ಸರ್ಕಾರಿ ನಿಧಿಗೆ ಹೋಗಬೇಕು. ಮಾರ್ಚ್ 30ಕ್ಕೆ ಯಾವುದೋ ಸಂಸ್ಥೆಗೆ ಚೆಕ್ ಕೊಟ್ಟು ಕೈ ತೊಳೆದುಕೊಂಡರೆ ಅದು ಖರ್ಚೇ ಅಲ್ಲ. ಹಣ ಆ ಕೆಲಸಕ್ಕೆ ಬಳಕೆಯಾಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು ಪ್ರಮಾಣೀಕರಿಸಬೇಕು. ಸಾಮಾನ್ಯವಾಗಿ ನಾನು ನಿಯಮಗಳನ್ನು ಹೊಗಳುವವಳಲ್ಲ, ಆದರೆ ಇದನ್ನು ಬರೆದವರಿಗೆ ಹೊಳೆಯ ದಂಡೆಯ ಬದುಕು ಗೊತ್ತಿತ್ತೇನೋ ಅನಿಸುತ್ತದೆ.

ಅವಸರಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಶೇ 5ರ ತಪ್ಪು ತಿಳಿವಳಿಕೆ. ಸಿಎಸ್‌ಆರ್ ಖರ್ಚಿನಲ್ಲಿ ಆಡಳಿತ ವೆಚ್ಚ ಶೇ 5 ಮೀರಬಾರದು ಎಂಬ ನಿಯಮವಿದೆ. ಅದು ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಸಾಮಾನ್ಯ ಖರ್ಚಿಗೆ ಸಂಬಂಧಿಸಿದ್ದು. ನಮ್ಮ ಕಂಪನಿಗಳು ಅದನ್ನು ಹಳ್ಳಿಯಲ್ಲಿ ಕೆಲಸ ಮಾಡುವ ಸಂಸ್ಥೆಯ ತಲೆಗೆ ಕಟ್ಟುತ್ತವೆ. ಮನೆಮನೆ ತಿರುಗಿ ಯಾದಿ ಮಾಡುವ ಹುಡುಗಿಯ ಸಂಬಳ ಕೊಡುವುದಿಲ್ಲ, ಜೀಪಿನ ಡೀಸೆಲ್ ಕೊಡುವುದಿಲ್ಲ, "ಎಲ್ಲ ದುಡ್ಡೂ ಫಲಾನುಭವಿಗೇ ಹೋಗಬೇಕು" ಎನ್ನುತ್ತಾರೆ. ಆ ಹುಡುಗಿ ಇಲ್ಲದಿದ್ದರೆ ಯಾರು ಫಲಾನುಭವಿ ಎಂದು ಹೇಳುವವರು ಯಾರು?

ಯಾದಿ ಎಂದರೆ 2020ರ ಲಾಕ್‌ಡೌನ್ ನೆನಪಾಗುತ್ತದೆ. ಒಂದು ಕಂಪನಿ ರೇಷನ್ ಕಿಟ್ ಕೊಡಲು ಮುಂದೆ ಬಂತು. ಷರತ್ತು ಒಂದೇ: ಪಡೆಯುವವರ ಹತ್ತಿರ ಪುಣೆ ವಿಳಾಸದ ರೇಷನ್ ಕಾರ್ಡ್ ಇರಬೇಕು, ಆಡಿಟ್‌ಗೆ ಅನುಕೂಲ. ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿದ್ದ ಯಾದಗಿರಿ, ಕಲಬುರಗಿಯ ಜನರ ಕಾರ್ಡುಗಳು ಊರಲ್ಲಿ, ಮುದುಕರ ಕೈಯಲ್ಲಿದ್ದವು. ಯಾರ ಮನೆಯಲ್ಲಿ ಒಲೆ ಹೊತ್ತಿರಲಿಲ್ಲವೋ ಅವರೇ ಯಾದಿಯಿಂದ ಹೊರಗೆ. ನಾನು ಆ ಕಂಪನಿಗೆ ಕಾಯ್ದೆಯನ್ನು ಓದಿ ತೋರಿಸಬೇಕಾಯಿತು: ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಎಂದಿದೆ, ಸ್ಥಳೀಯ ಕಾರ್ಡಿಗೆ ಎಂದಿಲ್ಲ. ಶೆಡ್ಡು ನಿಮ್ಮ ಗೇಟಿನಿಂದ ಕೂಗಳತೆಯಲ್ಲಿದೆ. ಗುತ್ತಿಗೆದಾರನ ಹಾಜರಿ ಪುಸ್ತಕ, ಹೆಬ್ಬೆಟ್ಟು, ಒಬ್ಬ ಮೇಸ್ತ್ರಿಯ ಸಾಕ್ಷಿ, ಲೆಕ್ಕಕ್ಕೆ ಇಷ್ಟು ಸಾಕು. ಒಪ್ಪಿದರು, ಒಂದು ವಾರ ತಡವಾಗಿ. ಆ ವಾರದಲ್ಲಿ ಕೆಲವು ಶೆಡ್ಡುಗಳು ಖಾಲಿಯಾಗಿದ್ದವು. ನಡೆದೇ ಹೋಗಿದ್ದರು.

2021ರ ಜುಲೈನಲ್ಲಿ ಮತ್ತೆ ನೆರೆ. ಕೊಂಕಣದಲ್ಲಿ, ಮಹಾಡದ ತಳಿಯೆ ಗ್ರಾಮದಲ್ಲಿ ಗುಡ್ಡ ಕುಸಿಯಿತು, ಚಿಪಳೂಣದಲ್ಲಿ ವಾಶಿಷ್ಠಿ ಹೊಳೆ ಪೇಟೆಗೆ ನುಗ್ಗಿತು, ಕೊಲ್ಹಾಪುರ–ಸಾಂಗ್ಲಿಯಲ್ಲಿ ಹಳೆಯ ಕಥೆಯೇ. ಫೋನ್ ಬಂದಾಗ ಈ ಸಲ ನಾನೇ ಮೊದಲು ಕೇಳಿದೆ: "ನಿಮ್ಮ ವರ್ಷದ ಬಾಕಿ ಎಷ್ಟು?" ಭೋಸರಿಯ ಒಂದು ಕಂಪನಿಯದು 40 ಲಕ್ಷ. ಆಗಿನ ನಿಯಮದಂತೆ ಹೊಣೆ 50 ಲಕ್ಷದೊಳಗಿದ್ದರೆ ಸಿಎಸ್‌ಆರ್ ಸಮಿತಿಯೂ ಬೇಡವಾಗಿತ್ತು, ಮಂಡಳಿಯೇ ತೀರ್ಮಾನಿಸಬಹುದಿತ್ತು. 10 ಲಕ್ಷ ತಕ್ಷಣಕ್ಕೆ, 30 ಲಕ್ಷ ಎರಡು ವರ್ಷದ ಪುನರ್ವಸತಿ ಯೋಜನೆಗೆ ಎಂದು ಒಂದೇ ಸಭೆಯಲ್ಲಿ ಠರಾವು ಆಯಿತು.

ಮೋಟರಿನ ಮಾತು ತೆಗೆದಾಗ ಹಣಕಾಸು ಮುಖ್ಯಸ್ಥರು ಹಿಂಜರಿದರು. ಹೊಸ ಪಂಪ್ ಕೊಡಿಸಿದರೆ ಅದು ಬಂಡವಾಳ ಆಸ್ತಿ. ಸಿಎಸ್‌ಆರ್ ಹಣದಿಂದಾದ ಆಸ್ತಿ ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ. ಅರ್ಹ ಸಂಸ್ಥೆ, ಸರ್ಕಾರಿ ಪ್ರಾಧಿಕಾರ, ಇಲ್ಲವೇ ಫಲಾನುಭವಿಗಳ ಸ್ವಸಹಾಯ ಗುಂಪು ಅಥವಾ ಒಕ್ಕೂಟದ ಹೆಸರಿನಲ್ಲಿರಬೇಕು, ಒಬ್ಬೊಬ್ಬ ರೈತನ ಹೆಸರಿಗೆ ಬರೆದುಕೊಡಲು ಬರುವುದಿಲ್ಲ. ಅವರ ಅಳುಕು ಸರಿಯಾಗಿಯೇ ಇತ್ತು. ಆದರೆ ರೈತನದೇ ಹಳೆಯ ಮೋಟರನ್ನು ದುರಸ್ತಿ ಮಾಡಿಸಿಕೊಟ್ಟರೆ ಹೊಸ ಆಸ್ತಿ ಹುಟ್ಟುವುದಿಲ್ಲ. ಅದು ಪುನರ್ವಸತಿಯ ಖರ್ಚು. ಶಿರೋಳ ತಾಲ್ಲೂಕಿನ ಜಯಸಿಂಗಪುರದ ವೈಂಡಿಂಗ್ ಅಂಗಡಿಗಳೊಂದಿಗೆ ದರ ಮಾತಾಡಿ, ಅಲ್ಲಿ ಕೆಲಸ ಮಾಡುವ ಸಂಸ್ಥೆಯವರು ಯಾದಿ ಮಾಡಿ, ದೀಪಾವಳಿಗೆ ಮೊದಲು ಕೆಲಸ ಸುರುವಾಯಿತು.

ವಾರ್ಷಿಕ ವರದಿ ಮಾಡುವ ಹುಡುಗ ಫೋನ್ ಮಾಡಿದ್ದ. "ಮೇಡಂ, ಒಂದಾದರೂ ಒಳ್ಳೆ ಫೋಟೋ ಇದೆಯಾ?" ತಾಮ್ರದ ತಂತಿ ಸುತ್ತುತ್ತಿರುವ, ಬನಿಯನ್ ತುಂಬ ವಾರ್ನಿಷ್ ಮೆತ್ತಿಕೊಂಡ ಮೆಕ್ಯಾನಿಕ್ಕಿನದೊಂದು ಇತ್ತು, ಕಳಿಸಿದೆ. ಅಚ್ಚಾದ ವರದಿಯಲ್ಲಿ ಅದರ ಬದಲು ಚಾದರ ಹಂಚುವ ಚಿತ್ರವಿತ್ತು. ಬಿಲ್ಲುಗಳು ಮಾತ್ರ ನನ್ನ ಫೈಲಿನಲ್ಲಿವೆ, ಎಣ್ಣೆ ಬೆರಳಿನ ಗುರುತಿನ ಸಮೇತ.