ಗ್ಯಾಸ್ ಪೈಪಿನ ಪಾದರಸ ಸುರಂಗದ ನೀರಿಗೆ ಇಳಿಯುತ್ತದಾ?

ಪ್ರಶ್ನೆ: ನಮ್ಮ ತೋಟದಿಂದ ಸ್ವಲ್ಪ ದೂರದಲ್ಲಿ ಕೊಚ್ಚಿ–ಮಂಗಳೂರು ಗ್ಯಾಸ್ ಪೈಪು ಹಾದುಹೋಗಿದೆ. ನೈಸರ್ಗಿಕ ಅನಿಲದಲ್ಲಿ ಪಾದರಸ ಇರುತ್ತದಂತೆ. ಅದು ಭಾರದ್ದಲ್ಲವಾ? ಪೈಪಿನ ತಳದಲ್ಲಿ ಕೂತು ಕ್ರಮೇಣ, ಗುಡ್ಡಕ್ಕೆ ಅಡ್ಡ ಕೊರೆದು ನೀರು ತೆಗೆಯುವ ನಮ್ಮ ಸುರಂಗದ ನೀರಿಗೆ ಇಳಿಯಲಿಕ್ಕಿಲ್ಲವಾ?
— ಕಾಸರಗೋಡಿನ ಓದುಗರೊಬ್ಬರು

ಇಳಿಯುವುದಿಲ್ಲ. 2021ರ ಜನವರಿಯಲ್ಲಿ ಪೈಪಿನ ಉದ್ಘಾಟನೆಯಾದಂದಿನಿಂದ ಮದುವೆ ಚಪ್ಪರದಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಕ್ಯೂನಲ್ಲಿ ಇದಕ್ಕೇ ಉತ್ತರ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನು ತೋರಿಸಿಬಿಡುವುದು ಅಂತ ಬರೆಯುತ್ತಿದ್ದೇನೆ. ಕೇಳುವವರ ಮೇಲೆ ಸಿಟ್ಟಿಲ್ಲ. ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಊರಿನವರು ‘ಏನೂ ಆಗುವುದಿಲ್ಲ’ ಎಂಬ ಮಾತನ್ನು ಸುಮ್ಮನೆ ನಂಬಬೇಕಾಗಿಲ್ಲ. ಕಾರಣ ಹೇಳಬೇಕು.

ಈ ಗ್ಯಾಸು ಕೊಚ್ಚಿಯ ಪುದುವೈಪಿಗೆ ಹಡಗಿನಲ್ಲಿ ಬರುವುದು ಮೈನಸ್ 162 ಡಿಗ್ರಿಯ ದ್ರವವಾಗಿ. ಅಷ್ಟು ತಣ್ಣಗೆ ಮಾಡುವ ಸ್ಥಾವರಗಳಲ್ಲಿ ಅಲ್ಯೂಮಿನಿಯಂ ಶಾಖ ವಿನಿಮಯ ಯಂತ್ರಗಳಿರುತ್ತವೆ. ಅಲ್ಯೂಮಿನಿಯಂ ಕಂಡರೆ ಪಾದರಸ ಬಿಡುವುದಿಲ್ಲ. ಮೇಲಿನ ಆಕ್ಸೈಡ್ ಪದರದಲ್ಲಿ ಬಿರುಕು ಸಿಕ್ಕಿದರೆ ಸಾಕು, ಒಳಗೆ ನುಗ್ಗಿ ಲೋಹವನ್ನು ಪೆಡಸು ಮಾಡಿ ಒಡೆಯುತ್ತದೆ. 1973ರಲ್ಲಿ ಅಲ್ಜೀರಿಯಾದ ಸ್ಕಿಕ್ಡಾದಲ್ಲಿ ಹೀಗೇ ಆಯಿತು. 2004ರ ಜನವರಿ 1ರಂದು ಆಸ್ಟ್ರೇಲಿಯಾದ ಮೂಂಬಾ ಸ್ಥಾವರದಲ್ಲಿ ಸ್ಫೋಟವೇ ಆಗಿ, ಗ್ಯಾಸ್ ಪೂರೈಕೆ ನಿಂತಿತು. ಹಾಗಾಗಿ ದ್ರವ ಮಾಡುವ ಮೊದಲೇ ಪಾದರಸವನ್ನು ಒಂದು ಘನ ಮೀಟರಿಗೆ 0.01 ಮೈಕ್ರೋಗ್ರಾಂಗಿಂತ ಕೆಳಗೆ ಇಳಿಸುತ್ತಾರೆ. ನಮ್ಮ ಮೇಲಿನ ಪ್ರೀತಿಯಿಂದ ಅಂತ ತಿಳಿಯಬೇಡಿ, ಯಂತ್ರ ಉಳಿಯಬೇಕಲ್ಲ! ಕಡಲು ದಾಟುವ ಮೊದಲೇ ನಿಮ್ಮ ಪ್ರಶ್ನೆ ಮುಗಿದುಹೋಗಿರುತ್ತದೆ.

ಇಷ್ಟು ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತದೆ: “ಪಾದರಸ ತೆಗೆಯಲಿಕ್ಕೆಲ್ಲ ಯಂತ್ರ ಯಾಕೆ ಮಾರಾಯ್ರೇ, ಭಾರದ ವಸ್ತು ತಳಕ್ಕೆ ಕೂರುತ್ತದೆ, ಕೆಳಗೊಂದು ನಲ್ಲಿ ಇಟ್ಟರೆ ಸಾಲದಾ?” ಓದಿದವರೂ ಇದನ್ನೇ ಹೇಳುತ್ತಾರೆ.

ಸಾಲದು. ನೀರಿಗಿಂತ ಹದಿಮೂರೂವರೆ ಪಟ್ಟು ಭಾರ ಎನ್ನುವುದು ದ್ರವ ಪಾದರಸದ ಲೆಕ್ಕ. ಗ್ಯಾಸಿನಲ್ಲಿರುವುದು ಆವಿ. ಬಿಡಿಬಿಡಿ ಪರಮಾಣುಗಳು ಗ್ಯಾಸಿನ ಅಣುಗಳ ನಡುವೆ ಬೆರೆತು ಅವುಗಳ ಜೊತೆಗೇ ಹೋಗುತ್ತವೆ. ಆಟಿ ತಿಂಗಳ ಗಾಳಿಯಲ್ಲಿ ಎಷ್ಟು ತೇವ ಇರುತ್ತದೆ, ಅದೇನು ನೆಲಕ್ಕೆ ಬಂದು ಕೂರುತ್ತದಾ? ಫ್ರಿಜ್ಜಿನಿಂದ ತೆಗೆದ ಬಾಟಲಿ ಇಟ್ಟಾಗಲೇ ಹನಿ ಕಾಣುವುದು. ಪಾದರಸವೂ ಹಾಗೆಯೇ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಸುಮಾರು 14 ಮಿಲಿಗ್ರಾಂ ಪಾದರಸ ಹನಿಯಾಗದೆ ಆವಿಯಾಗಿಯೇ ಇರಬಲ್ಲದು. ತಣ್ಣಗಾದಂತೆ ಈ ಮಿತಿ ಕುಸಿಯುತ್ತದೆ; ಹನಿ ಕಟ್ಟುವುದು ಸರಿಯಾಗಿ ಆ ಅಲ್ಯೂಮಿನಿಯಂ ಯಂತ್ರದ ಹೊಟ್ಟೆಯೊಳಗೆ. ಥಾಯ್ಲೆಂಡ್ ಕೊಲ್ಲಿಯಂಥ ಕಡೆ ಪಾದರಸ ಜಾಸ್ತಿ ಇರುವ ಬಾವಿಗಳಿವೆ, ಅಲ್ಲಿ ಪಾತ್ರೆಯ ತಳದಲ್ಲಿ ಹನಿ ಸಿಗುವುದುಂಟು, ಒಪ್ಪೋಣ. ಆದರೆ ಹನಿಯನ್ನು ನಲ್ಲಿಯಲ್ಲಿ ಬಿಟ್ಟುಕೊಂಡ ಮೇಲೂ ಆವಿ ಗ್ಯಾಸಿನಲ್ಲೇ ಉಳಿಯುತ್ತದೆ. ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ. ಬೇಕಾದದ್ದು 0.01 ಮೈಕ್ರೋಗ್ರಾಂ. ಯಾವ ನಲ್ಲಿಯಿಂದ ಅಲ್ಲಿಗೆ ಮುಟ್ಟುತ್ತೀರಿ?

ಮುಟ್ಟಿಸುವುದು ಗಂಧಕ. ಎತ್ತರದ ಉಕ್ಕಿನ ಪಾತ್ರೆಯಲ್ಲಿ ಕೆಲವೇ ಮಿಲಿಮೀಟರ್ ದಪ್ಪದ ಗುಳಿಗೆಗಳನ್ನು ತುಂಬಿರುತ್ತಾರೆ: ಗಂಧಕ ಹೀರಿಸಿದ ಇದ್ದಿಲು, ಇಲ್ಲವೇ ತಾಮ್ರದ ಸಲ್ಫೈಡ್ ಇರುವ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್). ಗ್ಯಾಸು ಅದರ ನಡುವೆ ಹಾಯುವಾಗ ಪಾದರಸ ಗಂಧಕದ ಜೊತೆ ಸೇರಿ ಗಟ್ಟಿ ಸಲ್ಫೈಡ್ ಆಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಯುರ್ವೇದ ಪಂಡಿತರು ಖಲ್ವದಲ್ಲಿ ಪಾದರಸ, ಗಂಧಕ ಅರೆದು ಕಪ್ಪು ಕಜ್ಜಲಿ ಮಾಡುತ್ತಾರಲ್ಲ, ರಸಾಯನ ಅದೇ. ಇದ್ದಿಲಿಗೆ ತೇವ ಆಗದು, ರಂಧ್ರಗಳು ಕಟ್ಟಿಕೊಳ್ಳುತ್ತವೆ. ಹಾಗಾಗಿ ಅದನ್ನು ಗ್ಯಾಸು ಒಣಗಿಸಿದ ನಂತರ ಇಡುತ್ತಾರೆ. ತಾಮ್ರದ್ದು ಸ್ವಲ್ಪ ತೇವ ತಾಳುತ್ತದೆ, ಅದನ್ನು ಮೊದಲೇ ಇಡಬಹುದು.

ಪೈಪಿನ ಪಾದರಸಕ್ಕೆ ಹೆದರುವವರ ಮನೆಯ ಹಟ್ಟಿ ಮೂಲೆಯಲ್ಲಿ ಹಳೇ ಸಿಎಫ್‌ಎಲ್ ಬಲ್ಬುಗಳ ರಾಶಿ ಇರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಒಂದರಲ್ಲಿ 4 ಮಿಲಿಗ್ರಾಂ ಪಾದರಸ ಅಂತ ಇಟ್ಟುಕೊಳ್ಳಿ. ಮೇಲೆ ಹೇಳಿದ 0.01ರ ಲೆಕ್ಕದಲ್ಲಿ ಅಷ್ಟು ಪಾದರಸಕ್ಕೆ 4 ಲಕ್ಷ ಘನ ಮೀಟರ್ ಗ್ಯಾಸು ಬೇಕು. ತಿಂಗಳಿಗೆ 15 ಘನ ಮೀಟರ್ ಉರಿಸುವ ಮನೆಗೆ ಅದು 2,000 ವರ್ಷಕ್ಕೂ ಹೆಚ್ಚು ಕಾಲ ಸಾಕು. ಅಂಥ ಬಲ್ಬನ್ನು ತೆಂಗಿನ ಬುಡಕ್ಕೆ ಎಸೆಯಬೇಡಿ. ಮನೆಯೊಳಗೆ ಒಡೆದರೆ ಕಿಟಕಿ ತೆರೆದು, ಮಕ್ಕಳನ್ನು ಕರೆದುಕೊಂಡು ಹತ್ತು ನಿಮಿಷ ಹೊರಗಿರಿ. ಹಿಡಿಸೂಡಿ ಬೇಡ, ಪುಡಿ ಹರಡುತ್ತದೆ. ದಪ್ಪ ರಟ್ಟಿನಿಂದ ಚೂರು ಒಟ್ಟುಮಾಡಿ, ಒದ್ದೆ ಕಾಗದದಿಂದ ನೆಲ ಒರೆಸಿ, ಎಲ್ಲವನ್ನೂ ಮುಚ್ಚಳ ಇರುವ ಗಾಜಿನ ಬಾಟಲಿಗೆ ಹಾಕಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.