ಹೆಗಲು, ಸೊಂಟ ಕಟ್ಟಿಹಾಕುವ ಕಾಯಿಲೆ: ಜಪಾನಿನಲ್ಲಿ ಪಾಲಿಮಯಾಲ್ಜಿಯಾ ಬೇರೆಯೇ ಏಕೆ?

ಎರಡೂ ಹೆಗಲು, ಕತ್ತು, ಸೊಂಟ, ತೊಡೆ ಒಟ್ಟಿಗೆ ಹಿಡಿದುಕೊಳ್ಳುತ್ತವೆ. ಬೆಳಗಿನ ಹೊತ್ತು ಅಂಗಿಯ ತೋಳಿಗೆ ಕೈ ತೂರಿಸಲಾಗದು. ಜಪಾನಿನ ಎಷ್ಟೋ ಹಿರಿಯರು ಇಂದಿಗೂ ನೆಲದ ಮೇಲೆ ಫುಟಾನ್ ಹಾಸಿ ಮಲಗುವವರು; ಅವರಿಗೆ ಮಗ್ಗುಲು ಹೊರಳಿ ಏಳುವುದೇ ಕಷ್ಟ. ಈ ಸೆಟೆತ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಬಿಡುವುದಿಲ್ಲ. ಜೊತೆಗೆ ಸಣ್ಣ ಜ್ವರ, ಸುಸ್ತು, ತೂಕ ಇಳಿಕೆ. ರಕ್ತದಲ್ಲಿ ಉರಿಯೂತ ತೋರಿಸುವ ಅಳತೆಗಳಾದ ಇಎಸ್‌ಆರ್, ಸಿಆರ್‌ಪಿ ಏರಿರುತ್ತವೆ. ಇದು ಪಾಲಿಮಯಾಲ್ಜಿಯಾ ರುಮ್ಯಾಟಿಕಾ. ಐವತ್ತು ದಾಟದವರಲ್ಲಿ ಕಾಣುವುದು ತೀರಾ ಅಪರೂಪ. ಇದನ್ನು 'ವಯಸ್ಸಾಯಿತು' ಎಂದು ತಳ್ಳಿಹಾಕುವುದು ದೊಡ್ಡ ಅನ್ಯಾಯ, ಏಕೆಂದರೆ ಇದಕ್ಕೆ ಒಳ್ಳೆಯ ಮದ್ದಿದೆ.

1888ರಲ್ಲಿ ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಬ್ರೂಸ್ ಇದನ್ನು ಮೊದಲು ವಿವರಿಸಿದರು. ಈಗಿನ ಹೆಸರು ಬಂದದ್ದು 1957ರಲ್ಲಿ. ಬಹುಕಾಲ ಇದು ಉತ್ತರ ಯುರೋಪಿನವರ ಕಾಯಿಲೆ ಎಂದೇ ಎಣಿಕೆಯಾಗಿತ್ತು. 1980ರ ದಶಕದಲ್ಲಿ ಜಪಾನಿನ ತಜ್ಞರು ರೋಗ ಪತ್ತೆಗೆ ತಮ್ಮದೇ ಮಾನದಂಡ ರೂಪಿಸಿದರು.

ದೊಡ್ಡ ವ್ಯತ್ಯಾಸ ಕಂಡದ್ದು ಇದರ ಜೊತೆಗಾರ ಕಾಯಿಲೆಯಲ್ಲಿ. ಪಶ್ಚಿಮದಲ್ಲಿ ಪಾಲಿಮಯಾಲ್ಜಿಯಾ ಎಂದೊಡನೆ ವೈದ್ಯರು ಹೆದರುವುದು ಜೈಂಟ್ ಸೆಲ್ ಆರ್ಟರೈಟಿಸ್‌ಗೆ. ಅದು ತಲೆಯ ರಕ್ತನಾಳಗಳು ಉರಿಗೊಂಡು ಕಣ್ಣನ್ನೇ ಕಸಿಯಬಲ್ಲ ರೋಗ. 1990ರ ದಶಕದ ಕೊನೆಗೆ ಜಪಾನ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐವತ್ತು ದಾಟಿದ ಲಕ್ಷ ಜನರಲ್ಲಿ ಈ ರೋಗ ಇದ್ದದ್ದು ಸುಮಾರು 1.47 ಮಂದಿಗೆ. ಸ್ಕ್ಯಾಂಡಿನೇವಿಯಾದಲ್ಲಿ ಅದೇ ವಯಸ್ಸಿನ ಲಕ್ಷದಲ್ಲಿ ಇಪ್ಪತ್ತರ ಆಸುಪಾಸು ಮಂದಿಗೆ ಪ್ರತಿವರ್ಷ ಹೊಸದಾಗಿ ತಗಲುತ್ತದೆ. ಎಚ್‌ಎಲ್‌ಎ-ಡಿಆರ್4 ಎಂಬ ರೋಗನಿರೋಧಕ ಗುಂಪಿನ ಕೆಲವು ವಂಶವಾಹಿಗಳು ಜಪಾನಿಯರಲ್ಲಿ ವಿರಳ, ಕಾರಣ ಅಲ್ಲಿರಬಹುದು. ಹಾಗೆಂದು ತಲೆನೋವು, ಅಗಿಯುವಾಗ ದವಡೆ ನೋವು, ದೃಷ್ಟಿ ಮಸುಕಾಗುವುದನ್ನು ಕೇಳದೆ ಬಿಡುವಂತಿಲ್ಲ. ಇಳಿವಯಸ್ಸಿನಲ್ಲಿ ಶುರುವಾಗುವ ಸಂಧಿವಾತವೂ ಥೇಟ್ ಇದೇ ವೇಷದಲ್ಲಿ ಬರುತ್ತದೆ.

1948ರಲ್ಲಿ ಮೇಯೊ ಕ್ಲಿನಿಕ್‌ನ ಫಿಲಿಪ್ ಹೆಂಚ್ ಸಂಧಿವಾತಕ್ಕೆ ಕಾರ್ಟಿಸೋನ್ ಕೊಟ್ಟ ಮೇಲೆ ಸ್ಟೀರಾಯ್ಡ್ ಯುಗ ತೆರೆಯಿತು. ಪಾಲಿಮಯಾಲ್ಜಿಯಾಕ್ಕೆ 2015ರ ಅಂತರರಾಷ್ಟ್ರೀಯ ಶಿಫಾರಸು ದಿನಕ್ಕೆ 12.5ರಿಂದ 25 ಮಿಲಿಗ್ರಾಂ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್. ಮೈತೂಕ ಕಡಿಮೆಯಿರುವ ಜಪಾನಿನ ಹಿರಿಯರಿಗೆ ಅನೇಕ ಸಲ 15 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ ಸಾಕಾಗುತ್ತದೆ. ಕೆಲವೇ ದಿನಗಳಲ್ಲಿ ಕೈ ಮೇಲೇಳುತ್ತದೆ.

ಕಷ್ಟ ಇರುವುದು ಸ್ಟೀರಾಯ್ಡಿನ ಪ್ರಮಾಣ ಇಳಿಸುವಾಗ. ನಾಲ್ಕರಿಂದ ಎಂಟು ವಾರಗಳಲ್ಲಿ 10 ಮಿಲಿಗ್ರಾಂಗೆ ತಂದು, ಆಮೇಲೆ ನಾಲ್ಕು ವಾರಕ್ಕೊಮ್ಮೆ ಒಂದೊಂದೇ ಮಿಲಿಗ್ರಾಂ ಕಡಿಮೆ ಮಾಡಬೇಕು. ಅಲ್ಲಿಗೆ ಒಂದು ವರ್ಷ ಕಳೆದಿರುತ್ತದೆ, ಎಷ್ಟೋ ಜನರಿಗೆ ಎರಡು. ಅವಸರ ಮಾಡಿದರೆ ನೋವು ಮರಳುತ್ತದೆ. ಎಳೆದಾಡಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ. ಎಪ್ಪತ್ತು ದಾಟಿದವರಿಗೆ ಮೊದಲ ದಿನದಿಂದಲೇ ಮೂಳೆಯ ರಕ್ಷಣೆ ಯೋಚಿಸಬೇಕು ಎನ್ನುವುದು ಇದಕ್ಕೇ.

ಸ್ಟೀರಾಯ್ಡ್ ಬಿಡಲಾಗದವರಿಗೆ ಹೊಸ ದಾರಿಯ ಬೇರು ಜಪಾನಿನಲ್ಲೇ ಇದೆ. ಉರಿಯೂತ ಹಚ್ಚುವ ಇಂಟರ್‌ಲ್ಯೂಕಿನ್-6 ಅಣುವಿನ ವಂಶವಾಹಿಯನ್ನು 1986ರಲ್ಲಿ ಗುರುತಿಸಿದ್ದು ಒಸಾಕಾದ ತದಮಿತ್ಸು ಕಿಶಿಮೊಟೊ ಅವರ ತಂಡ. ಅದರ ಕೆಲಸ ತಡೆಯುವ ಸಾರಿಲುಮಾಬ್‌ಗೆ 2023ರಲ್ಲಿ ಅಮೆರಿಕ ಈ ಕಾಯಿಲೆಗಾಗಿ ಒಪ್ಪಿಗೆ ನೀಡಿತು. ಆದರೆ ಈ ಔಷಧ ಸಿಆರ್‌ಪಿಯನ್ನು ತಾನೇ ತಗ್ಗಿಸಿಬಿಡುತ್ತದೆ. ರೋಗ ನಿಜಕ್ಕೂ ಇಳಿದಿದೆಯೇ ಎಂದು ತಿಳಿಯಲು ವೈದ್ಯರು ರಕ್ತದ ವರದಿಯನ್ನಷ್ಟೇ ನೆಚ್ಚದೆ ರೋಗಿಯನ್ನೇ ವಿಚಾರಿಸಬೇಕಾಗುತ್ತದೆ.