ಅಂಗಡಿ ತಕ್ಕಡಿಯ ಒಂದು ಕಿಲೋಗೆ ದೆಹಲಿಯ ಪ್ರಯೋಗಾಲಯ ಏಕೆ ಬೇಕು?

ಪ್ರಶ್ನೆ: ತಕ್ಕಡಿಗೆ ಮುದ್ರೆ ಹಾಕುವವರು ನಮ್ಮ ರಾಜ್ಯದ ತೂಕ ಮತ್ತು ಅಳತೆ ಇಲಾಖೆಯವರು. ಹಾಗಿದ್ದ ಮೇಲೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ (ಎನ್‌ಪಿಎಲ್) ಏನು ಕೆಲಸ? ಒಂದು ಕಿಲೋದ ಬಟ್ಟನ್ನು ಕಾಯಲು ವಿಜ್ಞಾನಿಗಳು ಬೇಕೆ?

ಉತ್ತರ: ಬೇಕು. ಮುದ್ರೆ ಹಾಕಲು ಬರುವ ನಿರೀಕ್ಷಕರ ಬಳಿ ಇರುವ ಬಟ್ಟು ಸರಿಯಿದೆ ಎಂದು ಹೇಳಿದವರು ಯಾರು ಎಂದು ಕೇಳುತ್ತಾ ಹೋದರೆ ಕಾರಣ ಸಿಗುತ್ತದೆ. ಆ ಬಟ್ಟನ್ನು ವರ್ಷಕ್ಕೊಮ್ಮೆ ರಾಜ್ಯದ ಸೆಕೆಂಡರಿ ಸ್ಟ್ಯಾಂಡರ್ಡ್ (ಅದಕ್ಕಿಂತ ಮೇಲಿನ ಹಂತದ ಮಾದರಿ ಬಟ್ಟು) ಜೊತೆ ತಾಳೆ ನೋಡುತ್ತಾರೆ. ಸೆಕೆಂಡರಿಯನ್ನು ಎರಡು ವರ್ಷಕ್ಕೊಮ್ಮೆ ಕೇಂದ್ರ ಸರ್ಕಾರದ ಪ್ರಾದೇಶಿಕ ಪ್ರಯೋಗಾಲಯದ ರೆಫರೆನ್ಸ್ ಸ್ಟ್ಯಾಂಡರ್ಡ್ ಜೊತೆ ನೋಡುತ್ತಾರೆ. ಅಂಥದ್ದೊಂದು ಪ್ರಯೋಗಾಲಯ ಬೆಂಗಳೂರಿನಲ್ಲೇ ಇದೆ. ಆ ರೆಫರೆನ್ಸ್‌ನ ನಿಜವಾದ ತೂಕ ಎಷ್ಟೆಂದು ಹೇಳುವುದು ಎನ್‌ಪಿಎಲ್. ಅಲ್ಲಿಂದ ಮೇಲೆ ದೇಶದೊಳಗೆ ಕೇಳಲು ಇನ್ಯಾರೂ ಇಲ್ಲ.

ಎನ್‌ಪಿಎಲ್‌ನಲ್ಲಿರುವುದು ಅಂತರರಾಷ್ಟ್ರೀಯ ಮೂಲ ಕಿಲೋಗ್ರಾಂನ 57ನೇ ಸಂಖ್ಯೆಯ ಪ್ರತಿ. ಪ್ಲಾಟಿನಂ ಮತ್ತು ಇರಿಡಿಯಂ ಬೆರೆಸಿ ಮಾಡಿದ, ಎತ್ತರವೂ ಅಗಲವೂ ಸುಮಾರು 39 ಮಿ.ಮೀ. ಇರುವ ಪುಟ್ಟ ಸಿಲಿಂಡರ್. ಅದರ ಅಳತೆಯನ್ನು ಸ್ಟೀಲಿನ ಬಟ್ಟಿಗೆ ಇಳಿಸುವುದೇ ಕಷ್ಟದ ಕೆಲಸ. ನೀರಿನಂತೆ ಗಾಳಿಯೂ ವಸ್ತುವನ್ನು ಮೇಲಕ್ಕೆತ್ತುತ್ತದೆ. ಒಂದು ಕಿಲೋ ಸ್ಟೀಲು ಸುಮಾರು 125 ಘನ ಸೆಂ.ಮೀ. ಜಾಗ ಹಿಡಿಯುತ್ತದೆ, ಪ್ಲಾಟಿನಂ–ಇರಿಡಿಯಂ ಸುಮಾರು 46 ಮಾತ್ರ. ಹಾಗಾಗಿ ಗಾಳಿ ಪ್ಲಾಟಿನಂ–ಇರಿಡಿಯಂಗೆ ಹೋಲಿಸಿದರೆ ಸ್ಟೀಲನ್ನು 90 ಮಿಲಿಗ್ರಾಂಗೂ ಮಿಕ್ಕಿ ಹೆಚ್ಚಾಗಿ ಎತ್ತಿ ಹಿಡಿಯುತ್ತದೆ. ಅತ್ಯುನ್ನತ ದರ್ಜೆಯಾದ ಇ1 ಬಟ್ಟಿಗೆ ಒಂದು ಕಿಲೋದಲ್ಲಿ ಇರಬಹುದಾದ ತಪ್ಪು ಬರೀ 0.5 ಮಿಲಿಗ್ರಾಂ! ಈ ಲೆಕ್ಕ ಸರಿಯಾಗಬೇಕಾದರೆ ಕೋಣೆಯ ಉಷ್ಣತೆ, ಗಾಳಿಯ ಒತ್ತಡ, ತೇವಾಂಶ ಮೂರನ್ನೂ ಅಳೆದು ಆ ಹೊತ್ತಿನ ಗಾಳಿಯ ಸಾಂದ್ರತೆ ಹಿಡಿಯಬೇಕು. ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಜಿಡ್ಡೂ ತೂಕಕ್ಕೆ ಸೇರುತ್ತದೆ. ಇದು ಕಪಾಟಿಗೆ ಬೀಗ ಹಾಕಿ ಕಾಯುವ ಕೆಲಸವಲ್ಲ, ದಿನದಿನದ ಸಂಶೋಧನೆ.

2019ರ ಮೇ 20ರಿಂದ ಕಿಲೋಗ್ರಾಂನ ವ್ಯಾಖ್ಯೆ ಯಾವ ಲೋಹದ ತುಂಡನ್ನೂ ನೆಚ್ಚಿಕೊಂಡಿಲ್ಲ. ಪ್ಲಾಂಕ್ ಸ್ಥಿರಾಂಕ ಎಂಬ, ಪ್ರಕೃತಿಯಲ್ಲಿ ಎಂದೂ ಬದಲಾಗದ ಮೌಲ್ಯದ ಮೇಲೆ ನಿಂತಿದೆ. ಸಿಲಿಂಡರ್‌ಗಳು ಬಳಕೆಯಲ್ಲೇ ಉಳಿದಿವೆ, ಆದರೆ ಈಗ ಅವುಗಳಿಗೂ ತೂಕ ಕಟ್ಟಬೇಕು. ಭಾರತೀಯ ಕಾಲಮಾನ ಕಾಯುವುದೂ ಎನ್‌ಪಿಎಲ್‌ನ ಹೊಣೆ. ಮತದಾನದ ದಿನ ಬೆರಳಿಗೆ ಹಚ್ಚುವ, ಮೈಸೂರಿನಲ್ಲಿ ತಯಾರಾಗುವ ಶಾಯಿಯ ಸೂತ್ರ ರೂಪಿಸಿದ್ದೂ ಅದೇ. ಚಿನ್ನದ ಹಾಲ್‌ಮಾರ್ಕ್ ಮತ್ತು ಐಎಸ್‌ಐ ಗುರುತು ಮಾತ್ರ ಅದರದ್ದಲ್ಲ, ಅವು ಭಾರತೀಯ ಮಾನಕ ಬ್ಯೂರೊಗೆ (ಬಿಐಎಸ್) ಸೇರಿದವು.

ಮೇಲಿನದೆಲ್ಲ ಸರಿಯಿದ್ದರೂ ಅಂಗಡಿಯಲ್ಲಿ ಲೆಕ್ಕ ತಪ್ಪಬಹುದು. ಎಲೆಕ್ಟ್ರಾನಿಕ್ ತಕ್ಕಡಿಯ ಒಳಗಿರುವ ಲೋಡ್‌ಸೆಲ್ ಅಳೆಯುವುದು ಭೂಮಿ ಎಳೆಯುವ ಬಲವನ್ನು. ಬೆಂಗಳೂರಿನಲ್ಲಿ ಆ ಸೆಳೆತ ದೆಹಲಿಗಿಂತ ಸುಮಾರು ಸಾವಿರಕ್ಕೊಂದು ಪಾಲು ಕಡಿಮೆ. ದೆಹಲಿಯಲ್ಲಿ ಹೊಂದಿಸಿದ ತಕ್ಕಡಿಯನ್ನು ಹಾಗೇ ತಂದು ಇಲ್ಲಿಟ್ಟರೆ 30 ಕಿಲೋ ಮೂಟೆಯ ತೂಕವನ್ನು 30 ಗ್ರಾಂಗೂ ಮಿಕ್ಕಿ ಕಡಿಮೆ ತೋರಿಸುತ್ತದೆ, ನಷ್ಟ ಅಂಗಡಿಯವರಿಗೆ. 5 ಗ್ರಾಂ ವಿಭಾಗದ (ಅಂದರೆ ಅಂಕಿ 5 ಗ್ರಾಂ ಹೆಜ್ಜೆಯಲ್ಲಿ ಏರುವ) 30 ಕಿಲೋ ತಕ್ಕಡಿಗೆ ಮುದ್ರೆ ಹಾಕುವಾಗ, ಪೂರ್ತಿ ಭಾರದಲ್ಲಿ ಒಪ್ಪುವ ವ್ಯತ್ಯಾಸ 7.5 ಗ್ರಾಂ ಅಷ್ಟೇ. ಆದ್ದರಿಂದ ಬಳಸುವ ಊರಿನಲ್ಲೇ ಬಟ್ಟಿಟ್ಟು ಹೊಂದಿಸಿ, ಆಮೇಲೆ ಮುದ್ರೆ ಹಾಕಿಸಬೇಕು.

ಇನ್ನೊಂದು ತಪ್ಪು ಇದಕ್ಕಿಂತ ಸಾಮಾನ್ಯ. ಇಂಥ ತಕ್ಕಡಿಯಲ್ಲಿ ತೂಗಬಹುದಾದ ಕನಿಷ್ಠ ಭಾರ ವಿಭಾಗದ 20 ಪಟ್ಟು, ಅಂದರೆ 100 ಗ್ರಾಂ. ಅದರಲ್ಲಿ 50 ಗ್ರಾಂ ಏಲಕ್ಕಿ ತೂಗಿದರೆ ಅದನ್ನು ನಂಬುವಂತಿಲ್ಲ: ತೂಗುವುದು 50 ಗ್ರಾಂ, ಅಂಕಿ ಏರುವುದು ಐದೈದರ ಹೆಜ್ಜೆಯಲ್ಲಿ. ಏಲಕ್ಕಿ, ಕೇಸರಿಯಂಥ ದುಬಾರಿ ಸಾಮಾನಿಗೆ ಚಿಕ್ಕ ವಿಭಾಗದ ತಕ್ಕಡಿಯೇ ಬೇಕು.

ತೂಗಿಸುವ ಮುನ್ನ ತಟ್ಟೆ ಖಾಲಿಯಿದ್ದಾಗ ಸೊನ್ನೆ ಕಾಣುತ್ತಿದೆಯೇ, ಮಟ್ಟ ತೋರಿಸುವ ಗುಳ್ಳೆ ನಡುವಿನಲ್ಲಿದೆಯೇ ನೋಡಿ. ತಕ್ಕಡಿ ವಾಲಿದ್ದರೆ ತೂಕ ಕಡಿಮೆ ತೋರಿಸುತ್ತದೆ. ಸೀಲಿನ ಮೇಲೆ ವರ್ಷದ ಜೊತೆ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದಿರುತ್ತದೆ: ಜನವರಿಯಿಂದ ಮಾರ್ಚ್ ಎ, ಮುಂದಿನ ಮೂರು ತಿಂಗಳು ಬಿ, ಹೀಗೆ. ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ, ಬಿಡಿ ಬಟ್ಟುಗಳಿಗೆ 24 ತಿಂಗಳಿಗೊಮ್ಮೆ ಮುದ್ರೆ ಆಗಬೇಕು. ಅವಧಿ ಮೀರಿದ್ದರೆ ಸೀಲಿನ ಫೋಟೊ ತೆಗೆದು, ಬಿಲ್ಲಿನ ಜೊತೆ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೆ (ತೂಕ ಮತ್ತು ಅಳತೆ ಇಲಾಖೆ ಎಂದರೂ ಇದೇ) ದೂರು ಕೊಡಿ. ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಎನ್‌ಪಿಎಲ್‌ಗೆ ಬರೆದರೆ ಪ್ರಯೋಜನವಿಲ್ಲ. ಅಂಗಡಿಗೆ ಬಂದು ತಪಾಸಣೆ ಮಾಡುವ, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ.